ಹಾವಿಗೆ ಎಂಥ ಹಾಸಿಗೆ?

ಗಾಜಿನ ಪೆಟ್ಟಿಗೆಯಲ್ಲಿ ಹಾವು ಸಾಕುವವರು ಮೊದಲು ಕೇಳಿಕೊಳ್ಳಬೇಕಾದ ಈ ಪ್ರಶ್ನೆಗೆ, ಗೋಕರ್ಣದ ಓಂ ಕಡಲತೀರದ ಮಣ್ಣು, ಮರಳು, ತರಗೆಲೆಗಳೇ ಉತ್ತರ ಹೇಳುತ್ತವೆ.

ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿ, ಗೋಕರ್ಣದ ದಕ್ಷಿಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿ, ಎರಡು ಅರ್ಧಚಂದ್ರಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ಬಾಗಿರುವ ಕಡಲತೀರವೊಂದುಂಟು. ಗುಡ್ಡದ ಮೇಲಿನಿಂದ ನೋಡಿದವರಿಗೆ ಅದರ ಆಕಾರ ಓಂಕಾರದಂತೆ ತೋರುವುದರಿಂದ ಅದಕ್ಕೆ ಓಂ ಬೀಚ್ ಎಂದೇ ಹೆಸರಾಗಿದೆ. ಅಲ್ಲಿಗೆ ಬರುವ ಯಾತ್ರಿಕರ ಕಣ್ಣು ಕಡಲಿನ ಮೇಲಿರುವುದೇ ಹೊರತು ಕಾಲಡಿಯ ನೆಲದ ಮೇಲಲ್ಲ. ಆದರೆ ಗುಡ್ಡದಿಂದ ನೀರಿನ ಅಂಚಿಗೆ ಇಳಿಯುವಷ್ಟರಲ್ಲಿ ನೆಲ ಹಲವು ಬಾರಿ ಬದಲಾಗುತ್ತದೆ. ಮೇಲೆ ಬಿಸಿಲಿಗೆ ಕಾದು ಬಿರುಕುಬಿಟ್ಟ ಕೆಂಪು ಚಿರೇಕಲ್ಲು. ಅದರ ಕೆಳಗೆ ಮರದ ನೆರಳಿನಲ್ಲಿ ಅಂಗೈ ಮುಳುಗುವಷ್ಟು ತರಗೆಲೆ. ಸುತ್ತಲಿನ ತಗ್ಗಿನ ತೋಟಗಳಲ್ಲಿ ತೆಂಗಿನ ಸಿಪ್ಪೆಯ ರಾಶಿ. ಆಮೇಲೆ ಮರಳು, ಅದರಾಚೆ ಕರಿಬಂಡೆ ಮತ್ತು ಕಡಲು.

ಮನುಷ್ಯನ ಪಾದಕ್ಕೆ ಇವೆಲ್ಲವೂ ಬರಿಯ ನೆಲ. ಹಾವಿಗೆ ಹಾಗಲ್ಲ. ಕಾಲಿಲ್ಲದ ಆ ಜೀವಕ್ಕೆ ನೆಲವೇ ನಡೆ, ನೆಲವೇ ಮರೆ. ಒಂದು ಬಗೆಯ ನೆಲಕ್ಕೆ ಹೊಂದಿದ ಹಾವನ್ನು ಇನ್ನೊಂದರ ಮೇಲಿಟ್ಟರೆ ಅದು ಕೊರಗುತ್ತದೆ. ಕಡಲಹಾವು ಇದಕ್ಕೆ ಕಣ್ಣೆದುರಿನ ದೃಷ್ಟಾಂತ. ಈ ಕರಾವಳಿಯ ಮೀನುಗಾರರ ಬಲೆಗೆ ಅದು ಆಗಾಗ ಸಿಕ್ಕಿಬೀಳುವುದು. ನೀರಿನಲ್ಲಿ ದೋಣಿಯ ಹುಟ್ಟಿನಂತಹ ಚಪ್ಪಟೆ ಬಾಲ ಬೀಸಿ ಬಾಣದಂತೆ ಹೋಗುವ ಆ ಹಾವಿಗೆ, ಮರಳಿನ ಮೇಲೆ ಒಂದು ಮಾರು ದೂರ ತೆವಳುವುದೂ ಕಷ್ಟ. ನೆಲ ಹಿಡಿದು ಸಾಗಲು ಬೇಕಾದ ಅಗಲವಾದ ಹೊಟ್ಟೆಯ ಹುರುಪೆಗಳು ಅದಕ್ಕೆ ಸಣ್ಣವಾಗಿಬಿಟ್ಟಿವೆ.

ಪರದೇಶದ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಈಚಿನ ವರ್ಷಗಳಲ್ಲಿ ಬೆಂಗಳೂರಿನಂತಹ ನಗರಗಳಿಗೂ ಕಾಲಿಟ್ಟಿದೆ. ಪೆಟ್ಟಿಗೆ, ದೀಪ, ನೀರಿನ ಬಟ್ಟಲು ಎಲ್ಲವನ್ನೂ ಅಂಗಡಿಯಿಂದ ತಂದವರು ಕೊನೆಗೆ, ಏನೋ ಒಂದು ಕೆಳಗೆ ಹರಡಿದರಾಯಿತೆಂದು, ಅಂದವಾಗಿ ಕಂಡುದನ್ನು ಸುರಿದುಬಿಡುತ್ತಾರೆ. ಸಾಕಿದ ಹಾವು ನರಳುವುದಕ್ಕೆ ಬಹಳ ಸಲ ಈ ಅಲಕ್ಷ್ಯವೇ ಮೊದಲು. ಹಾವು ಕೂಗುವುದಿಲ್ಲ, ಕುಂಟುವುದಿಲ್ಲ. ಅದರ ಸಂಕಟ ಕಣ್ಣಿಗೆ ಬೀಳುವಷ್ಟರಲ್ಲಿ ಚಿಕಿತ್ಸೆಯ ಕಾಲ ಮೀರಿರುವುದೂ ಉಂಟು.

ಮೊದಲು ಕಾನೂನಿನ ಮಾತು

ಹಾಸಿಗೆಯ ವಿಚಾರಕ್ಕೆ ಮುನ್ನ, ಹಾಸಿಗೆ ಯಾರಿಗೆ ಎಂಬುದು ಸ್ಪಷ್ಟವಾಗಬೇಕು. ನಾಗರಹಾವು, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಮೊದಲಾದ ಈ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪ್ರೀತಿಯಿಂದ ಸಾಕುತ್ತೇನೆಂದರೂ, ಹಿತ್ತಿಲಿಗೆ ತಾನಾಗಿ ಬಂದದ್ದೆಂದರೂ ಅಪರಾಧ ಅಪರಾಧವೇ. ಎರಡು ತಲೆಯ ಹಾವೆಂದು ಜನ ಕರೆಯುವ ಮಣ್ಣುಮುಕ್ಕ ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂಬ ಮೂಢನಂಬಿಕೆಯನ್ನು ಬಂಡವಾಳ ಮಾಡಿಕೊಂಡ ಕಳ್ಳವ್ಯಾಪಾರಿಗಳು ಕರ್ನಾಟಕದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದ್ದಾರೆ. ಆ ಬಡಪಾಯಿ ಹಾವಿಗೆ ಇರುವುದು ಒಂದೇ ತಲೆ. ಅದರ ಮೊಂಡು ಬಾಲ ತಲೆಯಂತೆ ಕಾಣುವುದಷ್ಟೆ.

ಹೊರದೇಶದ ಹಾವುಗಳ ಸಂಗತಿ ಬೇರೆ. ಆಫ್ರಿಕದಿಂದ ಬಂದ, ಬೆದರಿದಾಗ ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುವ ಬಾಲ್ ಪೈಥಾನ್ ಎಂಬ ಸಣ್ಣ ಹೆಬ್ಬಾವು ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿರುವ ಪ್ರಾಣಿ. ೨೦೨೨ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ೨೦೨೪ರಲ್ಲಿ ನಿಯಮಗಳು ಹೊರಬಿದ್ದ ಮೇಲೆ, ಇಂಥವನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಮರಿ ಹುಟ್ಟಿದರೂ, ಹಾವು ಸತ್ತರೂ ತಿಳಿಸಬೇಕು. ನೋಂದಣಿಯ ಕಾಗದ ತೋರಿಸಲಾರದ ಮಾರಾಟಗಾರನಿಂದ ಹಾವು ಕೊಳ್ಳುವುದೆಂದರೆ ಕಳ್ಳಸಾಗಣೆಗೆ ಹಣ ಕೊಟ್ಟಂತೆಯೇ ಸರಿ. ಆ ಸಾಗಣೆಯ ಕ್ರೌರ್ಯ ಎಷ್ಟೆಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. ೨೦೨೩ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದಿಳಿದ ಸಾಮಾನಿನಲ್ಲಿ ೫೫ ಬಾಲ್ ಪೈಥಾನುಗಳೂ ೧೭ ಕಾಳಿಂಗ ಸರ್ಪಗಳೂ ದೊರೆತವು. ಅವುಗಳ ಜೊತೆಯಲ್ಲಿದ್ದ ಆರು ಮಂಗಗಳು ಆಗಲೇ ಸತ್ತಿದ್ದವು.

ಆದಕಾರಣ ಮುಂದೆ ಪೆಟ್ಟಿಗೆಯ ಹಾವೆಂದು ಹೇಳಿದಲ್ಲೆಲ್ಲ ಕಾನೂನಿಗೆ ಒಪ್ಪಿದ, ಕಾಗದವುಳ್ಳ ಹೊರದೇಶದ ಹಾವೆಂದೇ ತಿಳಿಯತಕ್ಕದ್ದು. ಈ ನಾಡಿನ ಹಾವುಗಳು ಇಲ್ಲಿ ಬರುವುದು ಪಾಠ ಹೇಳುವ ಗುರುಗಳಾಗಿ ಮಾತ್ರ.

ಹೊಟ್ಟೆಯಡಿಯ ಲೋಕ

ಹಾವು ತನ್ನ ಆಯುಸ್ಸಿನ ಪ್ರತಿ ಗಳಿಗೆಯೂ ನೆಲಕ್ಕೆ ಮೈ ಒತ್ತಿಕೊಂಡೇ ಇರುವುದು. ಹೊಟ್ಟೆಯ ಅಗಲವಾದ ಹುರುಪೆಗಳನ್ನು ನೆಲದ ಒರಟಿಗೆ ಊರಿ ಅದು ಮುಂದೆ ಸಾಗುತ್ತದೆ. ನುಣ್ಣನೆಯ ಗಾಜಿನ ಮೇಲೆ ಬಿಟ್ಟರೆ ಹಿಡಿತ ಸಿಕ್ಕದೆ ಜಾರುತ್ತದೆ. ಅದಕ್ಕೆ ಹೊರಕಿವಿಯಿಲ್ಲ, ನೆಲದ ಅದುರು ದವಡೆಯ ಮೂಳೆಯ ಮೂಲಕ ಒಳಕಿವಿಯನ್ನು ಮುಟ್ಟುವುದು. ಸೀಳು ನಾಲಗೆಯನ್ನು ಹೊರಚಾಚಿ ವಾಸನೆಯ ಕಣಗಳನ್ನು ಒಳಗೆಳೆದು, ಬಾಯ ಮೇಲ್ಭಾಗದ ವಿಶೇಷ ಅಂಗದಿಂದ ಅದು ಲೋಕವನ್ನು ತಿಳಿಯುವುದು. ಹಾಸಿಗೆಯಲ್ಲಿ ಘಾಟು ವಾಸನೆಯೋ ದೂಳೋ ಇದ್ದರೆ ಹಾವಿನ ಪಾಲಿಗೆ ದಿನವೆಲ್ಲ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕುಳಿತಂತೆ.

ಇನ್ನು ಪೊರೆಯ ಮಾತು. ಹಾವಿಗೆ ಮುಚ್ಚಿ ತೆರೆಯುವ ರೆಪ್ಪೆಗಳಿಲ್ಲ. ಕಣ್ಣಿನ ಮೇಲೆ ಪಾರದರ್ಶಕವಾದ ಹುರುಪೆಯೊಂದು ಕನ್ನಡಕದ ಗಾಜಿನಂತೆ ಕುಳಿತಿದೆ. ಪೊರೆ ಬಿಡುವ ಮುನ್ನ ಅದು ಹಾಲು ಬೆರೆಸಿದ ನೀರಿನಂತೆ ಮಸುಕಾಗುತ್ತದೆ. ಆಮೇಲೆ ಮೈಯ ಪೊರೆಯ ಸಂಗಡವೇ ಕಳಚಿ ಬರುತ್ತದೆ. ಗಾಳಿಯಲ್ಲಿಯೂ ನೆಲದಲ್ಲಿಯೂ ಬೇಕಾದಷ್ಟು ತೇವವಿದ್ದರೆ ಪೊರೆ ಕಾಲುಚೀಲ ಮಗುಚಿದಂತೆ ಇಡಿಯಾಗಿ ಬಿಡುವುದು. ತೇವ ಸಾಲದೆ ಹೋದರೆ ಚೂರು ಚೂರಾಗಿ ಹರಿದು, ಬಾಲದ ತುದಿಯಲ್ಲಿಯೋ ಕಣ್ಣಿನ ಮೇಲೆಯೋ ಅಂಟಿಕೊಂಡು ಉಳಿಯುವುದು. ಹಾಗೆಂದು ಹಾಸಿಗೆಯನ್ನು ಕೆಸರು ಮಾಡಿದರೆ ಹೊಟ್ಟೆಯ ಹುರುಪೆಗಳಡಿ ಗುಳ್ಳೆಯೆದ್ದು ಕೊಳೆತ ಹತ್ತುತ್ತದೆ. ಒಣಗಿದರೆ ಪೊರೆಗೆ ಕೇಡು, ನೆನೆದರೆ ಹೊಟ್ಟೆಗೆ ಕೇಡು. ಇವೆರಡರ ನಡುವೆ ಆಯಾ ಹಾವಿಗೆ ತಕ್ಕ ಹದವನ್ನು ಹಿಡಿದಿಡುವುದೇ ಹಾಸಿಗೆಯ ಮುಖ್ಯ ಕೆಲಸ.

ಅಡಗುವುದು ಕೊನೆಯದು, ಆದರೆ ಕಡಿಮೆಯದಲ್ಲ. ಬಹುಪಾಲು ಹಾವುಗಳು ಬಯಲಿನ ಜೀವಿಗಳಲ್ಲ. ಪಶ್ಚಿಮ ಘಟ್ಟಗಳಲ್ಲಿ ನೆಲದೊಳಗೇ ಬಾಳುವ ಒಂದು ಹಾವಿನ ಕುಲವಿದೆ. ದಕ್ಷಿಣ ಭಾರತ ಮತ್ತು ಶ್ರೀಲಂಕೆಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ಅದಿಲ್ಲ. ಆ ಕುಲದ ಅನೇಕ ಹಾವುಗಳ ಬಾಲದ ತುದಿ ಗುರಾಣಿಯಂತೆ ಒರಟಾಗಿದ್ದು, ಅದಕ್ಕೆ ಮೆತ್ತಿದ ಮಣ್ಣು ಬಿಲದ ಬಾಯಿಗೆ ಬಿರಡೆಯಂತೆ ಒದಗುತ್ತದೆ. ಮಣ್ಣು ಹಾವಿಗೆ ಎಷ್ಟು ಹತ್ತಿರದ ನಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಮರೆಯಾಗಲು ಎಡೆಯಿಲ್ಲದ ಪೆಟ್ಟಿಗೆಯಲ್ಲಿ ಹಾವು ಬೆದರುತ್ತದೆ, ಅನೇಕ ವೇಳೆ ಆಹಾರವನ್ನೂ ಬಿಡುತ್ತದೆ.

ಮರಳಿನ ಮರುಳು

ಹಾವೆಂದರೆ ಮರುಭೂಮಿ, ಮರುಭೂಮಿಯೆಂದರೆ ಮರಳು ಎಂಬ ಚಿತ್ರ ಸಿನಿಮಾಗಳಿಂದ ಮನಸ್ಸಿನಲ್ಲಿ ಅಚ್ಚೊತ್ತಿದೆ. ಓಂ ಬೀಚಿನ ತಿಳಿಬಣ್ಣದ ಮರಳನ್ನು ಕಂಡವರಿಗೆ, ಒಂದು ಚೀಲ ಹೊತ್ತೊಯ್ದು ಪೆಟ್ಟಿಗೆಯಲ್ಲಿ ಹರಡಿದರೆ ಎಷ್ಟು ಸೊಗಸು ಎನ್ನಿಸಿದರೆ ಅಚ್ಚರಿಯಿಲ್ಲ. ಆದರೆ ಸಾಕುವ ಹಾವುಗಳಲ್ಲಿ ಹೆಚ್ಚಿನವಕ್ಕೆ ಕಡಲ ಮರಳಿನಷ್ಟು ಒಪ್ಪದ ಹಾಸಿಗೆ ಇನ್ನೊಂದಿಲ್ಲ.

ಮೊದಲನೆಯದಾಗಿ ಅದರಲ್ಲಿ ಉಪ್ಪಿದೆ. ಗೋಕರ್ಣದ ಸನಿಹದ ಸಾಣಿಕಟ್ಟಾದಲ್ಲಿ ಇದೇ ಕಡಲಿನ ನೀರನ್ನು ಗದ್ದೆಗಳಲ್ಲಿ ಒಣಗಿಸಿ ಉಪ್ಪು ತೆಗೆಯುವರೆಂಬುದನ್ನು ನೆನೆದರೆ ಇದು ತಾನೇ ತಿಳಿದೀತು. ಎರಡನೆಯದಾಗಿ ಅದರಲ್ಲಿ ಚಿಪ್ಪಿನ ಹರಿತವಾದ ಚೂರುಗಳು ಬೆರೆತಿರುತ್ತವೆ. ಮೂರನೆಯದು ಇನ್ನೂ ಮುಖ್ಯ. ಹಾವು ಆಹಾರವನ್ನು ಅಗಿಯದೆ ನುಂಗುವುದು. ಒದ್ದೆ ಮೈಯ ಇಲಿಗೆ ಮೆತ್ತಿದ ಮರಳು ಅದರೊಡನೆಯೇ ಹೊಟ್ಟೆ ಸೇರಿ, ಸ್ವಲ್ಪ ಸ್ವಲ್ಪವಾಗಿ ಕರುಳಿನಲ್ಲಿ ಗಟ್ಟಿಕಟ್ಟಬಹುದು. ಇದಲ್ಲದೆ ಮರಳು ತೇವವನ್ನು ಹದವಾಗಿ ಹಿಡಿದಿಡಲಾರದು; ನೀರೆರೆದರೆ ಗಟ್ಟಿಯಾಗುವುದು, ಬಿಟ್ಟರೆ ಬೇಗನೆ ಆರುವುದು.

ಹಾಗಾದರೆ ಮರಳಿನಲ್ಲಿ ಬಾಳುವ ಹಾವುಗಳೇ ಇಲ್ಲವೆ? ಉಂಟು. ಸಡಿಲ ನೆಲದಲ್ಲಿ ಹೂತುಕೊಂಡು, ಕಣ್ಣನ್ನಷ್ಟೇ ಹೊರಗಿಟ್ಟು ಬೇಟೆಗೆ ಕಾಯುವ ಹಾವುಗಳು ಆಫ್ರಿಕದಲ್ಲಿಯೂ ಅರಬ್ಬರ ನಾಡಿನಲ್ಲಿಯೂ ಇವೆ. ಅಂಥವಕ್ಕೂ ಬೇಕಾದುದು ಅವುಗಳ ಊರಿನ ನೆಲವನ್ನು ಹೋಲುವ, ಉಪ್ಪಿಲ್ಲದ, ತೊಳೆದು ಒಣಗಿಸಿದ ಮರಳುಮಣ್ಣು. ಅದೂ ಮೈ ಪೂರ್ತಿ ಮುಚ್ಚುವಷ್ಟು ಆಳವಾಗಿರಬೇಕು. ತೋರಿಕೆಗೆಂದು ಒಂದಂಗುಲ ಹರಡಿದ ಮರಳಿನಿಂದ ಯಾವ ಹಾವಿಗೂ ಪ್ರಯೋಜನವಿಲ್ಲ.

ತೆಂಗು ಕೊಟ್ಟ ಹಾಸಿಗೆ

ಮರಳಿನಿಂದ ಹತ್ತು ಹೆಜ್ಜೆ ಹಿಂದೆ ಸರಿದರೆ ತೆಂಗಿನ ತೋಟ. ಬಾಲ್ ಪೈಥಾನಿನಂತೆ ತೇವ ಬಯಸುವ ಹಾವುಗಳಿಗೆ ಲೋಕದ ಎಲ್ಲೆಡೆಯ ಸಾಕಣೆಗಾರರು ಇಂದು ಹಾಸುತ್ತಿರುವುದು ತೆಂಗಿನ ಸಿಪ್ಪೆಯ ಚೂರನ್ನು, ಇಲ್ಲವೆ ನಾರು ತೆಗೆದ ಮೇಲೆ ಉಳಿಯುವ ಕಂದು ಹುಡಿಯನ್ನು. ಕೋಕೋಪೀಟ್ ಎಂಬ ಹೆಸರಿನಲ್ಲಿ ಇಟ್ಟಿಗೆಯ ಆಕಾರಕ್ಕೆ ಒತ್ತಿ ಮಾರುವ ಆ ಹುಡಿ ದಕ್ಷಿಣ ಭಾರತದಿಂದ ದೇಶವಿದೇಶಗಳಿಗೆ ಹಡಗಿನಲ್ಲಿ ಹೋಗುತ್ತದೆ. ಅಮೆರಿಕದ ಮನೆಯೊಂದರಲ್ಲಿ ಆಫ್ರಿಕದ ಹಾವು ಮಲಗಿರುವ ಹಾಸಿಗೆ ಭಾರತದ ತೆಂಗಿನದಾಗಿದ್ದರೆ ಅದರಲ್ಲಿ ಸೋಜಿಗವಿಲ್ಲ.

ಇದರ ಗುಣವೆಂದರೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಂಡು, ಆಮೇಲೆ ನಿಧಾನವಾಗಿ ಬಿಟ್ಟುಕೊಡುವುದು. ಮೇಲೆ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತೇವವಿರುವುದು. ಬೇಗನೆ ಕೊಳೆಯದು, ಘಾಟೂ ಇಲ್ಲ, ಅಗೆದು ಅಡಗಲೂ ಅನುಕೂಲ. ಆದರೆ ಕರಾವಳಿಯವರಿಗೆ ಚೆನ್ನಾಗಿ ತಿಳಿದ ಸಂಗತಿಯೊಂದನ್ನು ಪೇಟೆಯವರು ಮರೆಯಬಾರದು. ಕತ್ತದ ಹಗ್ಗಕ್ಕಾಗಿ ಸಿಪ್ಪೆಯನ್ನು ಹಿನ್ನೀರಿನ ಉಪ್ಪುನೀರಿನಲ್ಲಿ ಕೊಳೆಯಹಾಕುವ ರೂಢಿ ಈ ತೀರದಲ್ಲಿ ಹಳೆಯದು. ಅಂಥ ಹುಡಿಯಲ್ಲಿ ಉಪ್ಪು ಉಳಿದಿರುತ್ತದೆ. ತೋಟಗಾರರು ಗಿಡಕ್ಕೆ ಹಾಕುವ ಮುನ್ನ ಅದನ್ನು ತೊಳೆಯುವುದು ಇದಕ್ಕಾಗಿಯೇ. ಹಾವಿಗೆ ಹಾಸುವವರೂ ಸಿಹಿನೀರಿನಲ್ಲಿ ಎರಡು ಮೂರು ಬಾರಿ ತೊಳೆದು, ಹಿಂಡಿ, ನೆರಳಿನಲ್ಲಿ ಆರಿಸಿ ಬಳಸುವುದು ಮೇಲು. ತೀರ ಒಣಗಿದ ಹುಡಿ ದೂಳೇಳುವುದರಿಂದ, ಅದಕ್ಕೆ ಸಿಪ್ಪೆಯ ಚೂರುಗಳನ್ನು ಬೆರೆಸಬೇಕು. ಉದ್ದುದ್ದ ನಾರಿನ ಎಳೆಗಳನ್ನು ಮಾತ್ರ ಆರಿಸಿ ತೆಗೆಯಬೇಕು. ಆಹಾರಕ್ಕೆ ಸುತ್ತಿಕೊಂಡು ಅವು ಹೊಟ್ಟೆಗೆ ಹೋಗಬಾರದು.

ಮರದ ಹೊಟ್ಟು, ಓದಿದ ಪತ್ರಿಕೆ

ಕೈಗೆ ಸುಲಭವಾಗಿ ಸಿಕ್ಕುವುದೆಂದು ಮರದ ಅಡ್ಡೆಯಿಂದ ಹೊಟ್ಟು ತಂದು ಹಾಸುವವರಿದ್ದಾರೆ. ಅದರಲ್ಲಿ ಎಷ್ಟು ಬಗೆಯ ಮರ ಬೆರೆತಿದೆಯೋ, ಪ್ಲೈವುಡ್ಡಿನ ಅಂಟು ಸೇರಿದೆಯೋ ಹೇಳುವವರಿಲ್ಲ. ನಯವಾದ ದೂಳು ಹಾವಿನ ಉಸಿರಿಗೆ ಹಗೆ. ಸೀಡರ್ ಮತ್ತು ಪೈನ್ ಜಾತಿಯ ಮರಗಳ ಸಿಪ್ಪೆಹೊಟ್ಟು ಮನುಷ್ಯನ ಮೂಗಿಗೆ ಪರಿಮಳವಾದರೂ, ಆ ಪರಿಮಳದ ಎಣ್ಣೆಯೇ ಹಾವಿನ ಶ್ವಾಸಕೋಶವನ್ನು ಕೆರಳಿಸುವುದು. ಮುಚ್ಚಿದ ಪೆಟ್ಟಿಗೆಯಲ್ಲಿ ಸೀಡರನ್ನಂತೂ ಎಂದೂ ಬಳಸಕೂಡದು. ಆಸ್ಪೆನ್ ಎಂಬ ಮರದ ಹೊಟ್ಟಿನಲ್ಲಿ ಈ ದೋಷವಿಲ್ಲ. ಅಮೆರಿಕದ ಕಾರ್ನ್ ಸ್ನೇಕಿನಂತಹ, ಹೆಚ್ಚು ತೇವ ಬೇಡದ ಹಾವುಗಳಿಗೆ ಅದು ಒಪ್ಪುತ್ತದೆ. ಸುರಂಗ ತೋಡಿದರೆ ಕುಸಿಯದೆ ನಿಲ್ಲುತ್ತದೆ. ಆದರೆ ನೀರು ತಾಕಿತೆಂದರೆ ಬೂಷ್ಟು ಹಿಡಿಯುವುದು.

ಊರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆನ್ನುವುದು ಈ ಕಾರಣದಿಂದಲೇ. ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಕುಮಟೆಯ ಜೂನ್ ತಿಂಗಳಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು ಬರುತ್ತದೆ. ಅಲ್ಲಿ ಮರದ ಹೊಟ್ಟು ಎಷ್ಟು ದಿನ ಬಾಳೀತು? ಅದೇ ಬೆಂಗಳೂರಿನ ಮಾರ್ಚಿಯಲ್ಲಿ ತುಟಿ ಒಡೆಯುವಷ್ಟು ಒಣಹವೆ. ಅಲ್ಲಿ ಬೆಳಗ್ಗೆ ತೇವ ಮಾಡಿದ ತೆಂಗಿನ ಹುಡಿಯೂ ಸಂಜೆಗೆ ಆರಿರುತ್ತದೆ. ಒಂದೇ ಹಾವು, ಒಂದೇ ಹಾಸಿಗೆಯಾದರೂ ಎರಡು ಊರಿನಲ್ಲಿ ಆರೈಕೆ ಎರಡು ಬಗೆ.

ಎಲ್ಲಕ್ಕಿಂತ ಅಗ್ಗವಾದ ಹಾಸಿಗೆ ಪ್ರತಿ ಮನೆಯಲ್ಲಿಯೂ ಉಂಟು. ಧಾರಾವಾಹಿಯ ಕಂತನ್ನು ಮನೆಮಂದಿಯೆಲ್ಲ ಓದಿ ಮುಗಿಸಿದ ಮೇಲಿನ ಹಳೆಯ ಕಾಗದವೇ ಅದು. ನೋಡಲು ಚಂದವಿಲ್ಲ, ಅಡಗಲು ಅನುಕೂಲವಿಲ್ಲ, ತೇವ ನಿಲ್ಲುವುದಿಲ್ಲ ಎಂಬುದೆಲ್ಲ ನಿಜ. ಆದರೂ ಹೊಸದಾಗಿ ತಂದ ಹಾವಿಗೂ ಕಾಯಿಲೆ ಬಿದ್ದ ಹಾವಿಗೂ ಮೊದಲ ಕೆಲವು ವಾರ ಅದೇ ಉತ್ತಮ. ಹಾವಿನ ರಕ್ತ ಹೀರುವ ನುಸಿ ಕಪ್ಪು ಚುಕ್ಕೆಯಂತೆ ಬಿಳಿಯ ಕಾಗದದ ಮೇಲೆ ತಟ್ಟನೆ ಕಾಣುವುದು. ಮಲದಲ್ಲಿ ರಕ್ತವಿದ್ದರೆ, ಗಾಯದಿಂದ ಕೀವು ಒಸರಿದರೆ ಕೂಡಲೇ ತಿಳಿಯುವುದು. ಸುತ್ತಿ ಎಸೆದು ಹೊಸದು ಹಾಸುವುದೂ ನಿಮಿಷದ ಕೆಲಸ. ಕಾಗದದ ಮೇಲೊಂದು ಅಡಗುದಾಣವನ್ನೂ, ಒದ್ದೆ ಬಟ್ಟೆಯಿಟ್ಟ ಸಣ್ಣ ಡಬ್ಬಿಯನ್ನೂ ಇರಿಸಿದರೆ ಅದರ ಕೊರತೆಗಳೂ ಬಹುಮಟ್ಟಿಗೆ ನೀಗುತ್ತವೆ.

ಗಡಿಗೆಯೊಳಗಿನ ಮರಳು

ಹಾವಿನ ಹಾಸಿಗೆ ಹವ್ಯಾಸದ ಮಾತಷ್ಟೇ ಅಲ್ಲ, ಮನುಷ್ಯರ ಪ್ರಾಣಕ್ಕೂ ಸೇರಿದ್ದೆಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಿದರ್ಶನವಿದೆ. ಚೆನ್ನೈ ಸಮೀಪದ ವಡನೆಮ್ಮೇಲಿಯಲ್ಲಿ ಇರುಳರ ಸಹಕಾರ ಸಂಘವೊಂದಿದೆ. ತಲೆತಲಾಂತರದಿಂದ ಹಾವು ಹಿಡಿಯುವುದರಲ್ಲಿ ನುರಿತ ಆ ಜನರಿಗಾಗಿ, ಉರಗತಜ್ಞ ರೋಮುಲಸ್ ವಿಟೇಕರರ ಪ್ರಯತ್ನದಿಂದ ೧೯೭೮ರಲ್ಲಿ ಅದು ಸ್ಥಾಪನೆಯಾಯಿತು. ಸರ್ಕಾರದ ಅನುಮತಿ ಪಡೆದು ಹಿಡಿದ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳನ್ನು ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವುದು ಅಲ್ಲಿನ ಕ್ರಮ. ಆ ವಿಷವನ್ನು ಬಳಸಿಯೇ ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷ ತಯಾರಾಗುವುದು.

ಆ ಹಾವುಗಳನ್ನು ಇರಿಸುವುದು ಗಾಜಿನ ಪೆಟ್ಟಿಗೆಯಲ್ಲಲ್ಲ, ಕುಂಬಾರನ ಮಣ್ಣಿನ ಗಡಿಗೆಯಲ್ಲಿ. ತಳದಲ್ಲಿ ಮರಳು, ಬಾಯಿಗೆ ಬಿಗಿದು ಕಟ್ಟಿದ ಹತ್ತಿಯ ಬಟ್ಟೆ. ಮಣ್ಣಿನ ಗೋಡೆ ಉಸಿರಾಡುವುದು, ಒಳಗೆ ತಂಪು. ಬಟ್ಟೆಯ ಮೂಲಕ ಗಾಳಿ ಬರುವುದು. ಒಳಗಿನ ಕತ್ತಲು ಹಾವಿಗೆ ಬಿಲದಂತೆಯೇ ನೆಮ್ಮದಿ. ಇಲ್ಲಿ ಮರಳು ಹಾಸಿದ್ದು ಹೇಗೆ ಸರಿಯಾಯಿತೆಂಬ ಸಂದೇಹ ಬರಬಹುದು. ಕೆಲವೇ ವಾರಗಳ ತಂಗುದಾಣದಲ್ಲಿ, ಮಲಿನವಾದೊಡನೆ ಬದಲಿಸಬಲ್ಲ ಹಿಡಿಯಷ್ಟು ಮರಳಿಗೂ, ಇಡೀ ಆಯುಸ್ಸು ಕಳೆಯಬೇಕಾದ ಪೆಟ್ಟಿಗೆಯ ಮರಳಿಗೂ ಅಜಗಜಾಂತರ. ಎಷ್ಟು ಕಾಲಕ್ಕೆ ಎಂಬುದೂ ಹಾಸಿಗೆಯ ಆಯ್ಕೆಯಲ್ಲಿ ಒಂದು ಪ್ರಶ್ನೆಯೆಂದು ಈ ಗಡಿಗೆ ತಿಳಿಸಿಕೊಡುತ್ತದೆ.

ತಾನೇ ಹಾಸಿಗೆ ಹಾಸುವ ಕಾಳಿಂಗ

ತಜ್ಞರ ಸಲಹೆಗಳನ್ನೆಲ್ಲ ಬದಿಗಿಟ್ಟು, ಹಾವನ್ನೇ ಕೇಳಿದರೆ ಅದು ಏನನ್ನು ಆರಿಸಿಕೊಂಡೀತು? ಈ ಪ್ರಶ್ನೆಗೆ ಉತ್ತರ ಕೊಡುವ ಹಾವು ಇದೇ ಪಶ್ಚಿಮ ಘಟ್ಟದ ಕಾಡುಗಳಲ್ಲಿದೆ. ಅದೇ ಕಾಳಿಂಗ ಸರ್ಪ. ೨೦೨೪ರಲ್ಲಿ ವಿಜ್ಞಾನಿಗಳು ಕಾಳಿಂಗಗಳನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿ, ಪಶ್ಚಿಮ ಘಟ್ಟದ ಪ್ರಭೇದಕ್ಕೆ ಕನ್ನಡದ ಮಾತನ್ನೇ ಎತ್ತಿಕೊಂಡು ‘ಒಫಿಯೋಫೇಗಸ್ ಕಾಳಿಂಗ’ ಎಂದು ನಾಮಕರಣ ಮಾಡಿದರು.

ಲೋಕದ ಹಾವುಗಳಲ್ಲಿ ಮೊಟ್ಟೆಗಾಗಿ ಎಲೆಯ ಗೂಡು ಕಟ್ಟುವುದಕ್ಕೆ ಹೆಸರಾದುದು ಕಾಳಿಂಗವೇ. ಕೈಕಾಲುಗಳಿಲ್ಲದ ಹೆಣ್ಣು ಹಾವು, ಮಳೆಗಾಲ ಹಿಡಿಯುವ ಮುನ್ನ, ಮೈಯ ಸುರುಳಿಯಿಂದಲೇ ತರಗೆಲೆಗಳನ್ನು ಬಳಿದು ಎಳೆದು ಗುಡ್ಡೆ ಹಾಕಿ, ಅದರೊಳಗೆ ಮೊಟ್ಟೆಯಿಟ್ಟು, ಮೇಲೆ ಕಾವಲು ಕುಳಿತುಕೊಳ್ಳುವುದು. ೨೦೦೫ರಲ್ಲಿ ವಿಟೇಕರರು ಸ್ಥಾಪಿಸಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದವರು ಇಂಥ ಗೂಡುಗಳನ್ನು ಕಾಡಿನಲ್ಲಿಯೇ ಕಾದು ನೋಡಿದ್ದಾರೆ. ವರ್ಷಕ್ಕೆ ಸುಮಾರು ೭,೦೦೦ ಮಿಲಿಮೀಟರ್ ಮಳೆ ಸುರಿಯುವ ಆ ಕಾಡಿನಲ್ಲಿ, ಎಲೆಯ ಮೇಲೆ ಎಲೆ ಕುಳಿತ ಗೂಡಿನ ಮೇಲ್ಮೈಯಿಂದ ನೀರು ಜಾರಿ ಹೋಗುವುದು. ಒಳಗೆ ಎಲೆ ಕೊಳೆಯುವ ಕಾವು ಮೊಟ್ಟೆಗೆ ತಾಕುವುದು. ತೇವವಿರುವುದು, ನೀರು ನಿಲ್ಲದು. ಹದ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಯಾವ ಪುಸ್ತಕದಲ್ಲಿ ದೊರೆತೀತು?

ಘಟ್ಟದ ರೈತರಿಗೆ ಈ ವಿದ್ಯೆ ಹೊಸದಲ್ಲ. ಉತ್ತರ ಕನ್ನಡದ ತೋಟಿಗರು ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಯ ದನಗಳ ಕಾಲಡಿಗೆ ಹಾಸುವುದು ತಲೆಮಾರುಗಳ ಪದ್ಧತಿ. ಕೊಟ್ಟಿಗೆಯ ಹಸುವಿಗೂ ಕಾಡಿನ ಕಾಳಿಂಗಕ್ಕೂ ಒಂದೇ ಹಾಸಿಗೆ.

ಪೆಟ್ಟಿಗೆಯ ಹಾವು ಸಾಕುವವರಿಗೂ ಇದರಲ್ಲಿ ಪಾಠವಿದೆ. ತೆಂಗಿನ ಹುಡಿಯ ಮೇಲೆ ಒಂದು ಪದರ ಒಣ ತರಗೆಲೆ ಹರಡಿದರೆ ಹಾವಿಗೆ ಮರೆಯೂ ಆಯಿತು, ಕೆಳಗಿನ ತೇವ ಆರದಂತೆ ಮುಚ್ಚಳವೂ ಆಯಿತು. ಎಲೆ ಔಷಧಿ ಸಿಂಪಡಿಸದ ಮನೆಯಂಗಳದ ಮರದ್ದಾಗಿರಲಿ. ಕುದಿನೀರಿನಲ್ಲಿ ಅದ್ದಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದರೆ ಹುಳುಹುಪ್ಪಟೆಗಳ ಭಯವಿಲ್ಲ.

ಆಳ, ತೇವ, ಶುಚಿ

ಯಾವ ಹಾಸಿಗೆಯನ್ನು ಆರಿಸಿದರೂ ಕೆಲವು ನಿಯಮಗಳು ಎಲ್ಲಕ್ಕೂ ಸಮಾನ. ಮೊದಲನೆಯದು, ಹಾವಿನ ತವರನ್ನು ತಿಳಿಯುವುದು. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲಿನದು. ಹಗಲನ್ನು ಇಲಿಯ ಬಿಲದಲ್ಲಿಯೋ ಗೆದ್ದಲ ಹುತ್ತದಲ್ಲಿಯೋ ಕಳೆಯುವುದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಿತೆಂದು ಕನ್ನಡಿಗರು ಗಾದೆಯಾಡುವುದು ಆಫ್ರಿಕದಲ್ಲಿಯೂ ಸತ್ಯವೇ. ಹೊರಗೆ ಎಷ್ಟೇ ಬಿಸಿಲಿರಲಿ, ಹುತ್ತದೊಳಗೆ ತೇವವಿದೆ. ಆದಕಾರಣ ಈ ಹಾವಿನ ಪೆಟ್ಟಿಗೆಯ ಗಾಳಿಯಲ್ಲಿ ತೇವಾಂಶ ನೂರಕ್ಕೆ ೬೦ರಿಂದ ೮೦ರಷ್ಟಿರಬೇಕು. ಕಾರ್ನ್ ಸ್ನೇಕಿಗೆ ೪೦ರಿಂದ ೬೦ ಸಾಕು. ಅದನ್ನು ಅಳೆಯುವ ಸಣ್ಣ ಉಪಕರಣ ಅಂಗಡಿಯಲ್ಲಿ ದೊರೆಯುವುದು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು ಎಂಬುದು ತೆಂಗಿನ ಹುಡಿಗೆ ಕೈಯಳತೆಯ ಪರೀಕ್ಷೆ.

ಎರಡನೆಯದು ಆಳ. ಹಾವಿನ ಮೈ ಮುಚ್ಚುವಷ್ಟು, ಅಂದರೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಅಂಗುಲದಷ್ಟಾದರೂ ಹಾಸಿಗೆಯಿರಬೇಕು. ಪೆಟ್ಟಿಗೆಯ ಅಡಿಯಿಂದ ಕಾವು ಕೊಡುವ ಹಲಗೆಯನ್ನು ಬಳಸುವವರು ಇಲ್ಲಿ ಎಚ್ಚರವಾಗಿರಬೇಕು. ಮೇಲೆ ಹದವಾಗಿ ತೋರಿದರೂ, ಹಾವು ಅಗೆದು ಕೆಳಗಿಳಿದಾಗ ಗಾಜಿನ ಬಿಸಿಗೆ ಹೊಟ್ಟೆ ಸುಟ್ಟೀತು. ಕಾವನ್ನು ತಾನಾಗಿ ತಡೆಯುವ ನಿಯಂತ್ರಕವಿಲ್ಲದೆ ಅಂಥ ಹಲಗೆಯನ್ನು ಹಚ್ಚಲೇಕೂಡದು.

ಮೂರನೆಯದು ಊಟದ ಹೊತ್ತಿನ ಜಾಗ್ರತೆ. ಆಹಾರವನ್ನು ಚಿಮಟದಿಂದ ಹಿಡಿದು ಕೊಡುವುದರಿಂದಾಗಲಿ, ಅಗಲವಾದ ತಟ್ಟೆಯ ಮೇಲಿಡುವುದರಿಂದಾಗಲಿ ಹಾಸಿಗೆ ಹಾವಿನ ಬಾಯಿಗೆ ಹೋಗದು. ನಾಲ್ಕನೆಯದು ಶುಚಿ. ಮಲಿನವಾದ ಭಾಗವನ್ನು ಕಂಡೊಡನೆ ತೆಗೆಯಬೇಕು. ತಿಂಗಳಿಗೊಮ್ಮೆಯಾದರೂ ಎಲ್ಲವನ್ನೂ ಹೊರಹಾಕಿ, ಪೆಟ್ಟಿಗೆಯನ್ನು ತೊಳೆದು ಒಣಗಿಸಿ, ಹೊಸದನ್ನು ಹಾಸಬೇಕು. ಹಾವಿನ ಮಲದಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದಾದ್ದರಿಂದ ಈ ಕೆಲಸವನ್ನು ಅಡುಗೆಮನೆಯ ತೊಟ್ಟಿಯಲ್ಲಿ ಮಾಡಬಾರದು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಪುಟ್ಟ ಮಕ್ಕಳ ಕೈಗೆ ಹಳೆಯ ಹಾಸಿಗೆ ಸಿಕ್ಕದಂತೆ ನೋಡಿಕೊಳ್ಳುವುದು ತಾಯಿತಂದೆಯರ ಹೊಣೆ.

ಹಿತ್ತಿಲಿನ ತರಗೆಲೆ

ಹಾವು ಸಾಕುವ ಮನೆಗಳು ಕೆಲವೇ. ಆದರೆ ತರಗೆಲೆ ಬೀಳುವ ಹಿತ್ತಿಲುಗಳು ಸಾವಿರಾರು. ಮನೆಗೆ ಒತ್ತಿದಂತೆ ಎಲೆ, ಸಿಪ್ಪೆ, ಕಟ್ಟಿಗೆಗಳನ್ನು ರಾಶಿ ಹಾಕಿದರೆ ಅದು ಇಲಿಗೆ ಮನೆ, ಇಲಿಯ ಬೆನ್ನಟ್ಟಿ ಬರುವ ನಾಗರ, ಕೇರೆ, ಕೊಳಕುಮಂಡಲಗಳಿಗೆ ಹಾಸಿಗೆ. ಭಾರತದಲ್ಲಿ ೨೦೦೦ದಿಂದ ೨೦೧೯ರವರೆಗೆ ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ ಹಾವು ಕಚ್ಚಿ ಸತ್ತರೆಂದು ಸಂಶೋಧಕರು ಅಂದಾಜು 2ಾಡಿದ್ದಾರೆ. ಕರ್ನಾಟಕ ಸರ್ಕಾರ ೨೦೨೪ರ ಫೆಬ್ರವರಿಯಲ್ಲಿ, ಹಾವಿನ ಕಡಿತದ ಪ್ರತಿಯೊಂದು ಪ್ರಸಂಗವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಗೊತ್ತುಪಡಿಸಿತು. ರಾಶಿಗಳನ್ನು ಗೋಡೆಯಿಂದ ದೂರವಿಡುವುದು, ಎಲೆ ಬಾಚುವಾಗ ಬರಿಗೈ ಹಾಕದೆ ಕೋಲು ಬಳಸುವುದು, ರಾತ್ರಿ ದೀಪವಿಲ್ಲದೆ ಹಿತ್ತಿಲಿಗೆ ಇಳಿಯದಿರುವುದು, ಕಚ್ಚಿದರೆ ಮಂತ್ರ ಮದ್ದುಗಳಿಗೆ ಹೊತ್ತು ಕಳೆಯದೆ ಪ್ರತಿವಿಷವಿರುವ ಆಸ್ಪತ್ರೆಗೆ ಧಾವಿಸುವುದು: ಇವಿಷ್ಟನ್ನು ಪಾಲಿಸಿದರೆ ಎಷ್ಟೋ ಜೀವಗಳು ಉಳಿದಾವು. ಹಾವು ಒಳಗೆ ಬಂದರೆ ಕೊಲ್ಲದೆ, ಹಿಡಿಯಲೂ ಹೋಗದೆ, ಅರಣ್ಯ ಇಲಾಖೆಗೆ ತಿಳಿಸಬೇಕು.

ಇತ್ತ ತೋಟದ ಮೂಲೆಯಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಊರಿನ ನಾಗಬನದಲ್ಲಿ ಬಿದ್ದ ಎಲೆಯನ್ನು ಹಾಗೆಯೇ ಬಿಡುವುದು ಒಳ್ಳೆಯದು. ಕರಾವಳಿಯ ಹಿರಿಯರು ಬನದ ಎಲೆಗೆ ಕೈ ಹಚ್ಚದೆ ಬಿಟ್ಟದ್ದು ಭಕ್ತಿಯಿಂದ. ಅದರ ಫಲವಾಗಿ ಹಾವಿಗೆ ತಕ್ಕ ಹಾಸಿಗೆ ಅಲ್ಲಿ ಬೆಲೆಯಿಲ್ಲದೆ, ನೋಂದಣಿಯಿಲ್ಲದೆ, ವರ್ಷವರ್ಷವೂ ತಾನಾಗಿ ಬೀಳುತ್ತಿದೆ.